ಸಾರುವುದಕ್ಕೆ ಮುಂಚಿನ ಮಾತು

ಜಾಗಟೆ ಪಿಳ್ಳಪ್ಪನ ಹೆಂಡತಿ ಲಕ್ಕಮ್ಮ ಒಂದು ಕೊಡ ನೀರು ಹೆಚ್ಚಿಗೆ ಹಿಡಿದರೆ ಸಾಕು, ನಮ್ಮ ಬೀದಿಯವರೆಲ್ಲ ಹಂಡೆ ಗುಡಾಣ ತುಂಬಿಸಿಟ್ಟುಕೊಳ್ಳುತ್ತಿದ್ದರು. ನಾಳೆ ನಲ್ಲಿ ನಿಲ್ಲುತ್ತದೆ, ಗಂಡ ಇವಳಿಗೆ ಮೊದಲೇ ಊದಿದ್ದಾನೆ ಅಂತ. ಒಂದು ಸಲ ಅವಳು ಅಂಗಡಿಯಲ್ಲಿ ನಾಲ್ಕು ಸೇರು ಉಪ್ಪು ಕೇಳಿದಳು. ಮಧ್ಯಾಹ್ನದೊಳಗೆ ಪೇಟೆಯಲ್ಲಿ ಹರಳು ಉಪ್ಪಿರಲಿಲ್ಲ. ಪಾಪ, ಅವಳು ಮಾವಿನಕಾಯಿ ಉಪ್ಪಿನಕಾಯಿ ಹಾಕುವವಳಿದ್ದಳು. ತನಗೇನೂ ಗೊತ್ತಿಲ್ಲವೆಂದು ಮಾರಮ್ಮನ ಮೇಲೆ ಆಣೆ ಇಟ್ಟರೂ ಯಾರೂ ನಂಬಲಿಲ್ಲ. ನಾನೂ ನಂಬಲಿಲ್ಲ, ಸುಳ್ಳೇಕೆ ಹೇಳಲಿ. ನಾನು ಅವರ ಎದುರು ಮನೆಯವಳು, ನನ್ನ ಅಂಗಳದಲ್ಲಿ ಕೂತರೆ ಅವರ ಒಲೆಯ ಮೇಲೆ ಏನಿದೆ ಎಂಬುದು ಕಾಣುತ್ತಿತ್ತು. ಆ ಉಪ್ಪಿನ ದಿನ ನಾನೂ ಎರಡು ಸೇರು ತಂದಿದ್ದೆ.

ಪಿಳ್ಳಪ್ಪ ದೊಡ್ಡಬಳ್ಳಾಪುರದ ಪುರಸಭೆಯಲ್ಲಿ ಮೂವತ್ತು ವರ್ಷ ಕೆಲಸ ಮಾಡಿದವನು. ಆಫೀಸಿನಲ್ಲಿ ಗುಮಾಸ್ತರು ಕೊಟ್ಟ ಚೀಟಿಯನ್ನು ಬಾಯಿಪಾಠ ಮಾಡಿಕೊಂಡು, ಹೆಗಲಿಗೆ ಹಿತ್ತಾಳೆಯ ಜಾಗಟೆ ಹಾಕಿಕೊಂಡು ಹೊರಡುತ್ತಿದ್ದ. ಊರಲ್ಲಿ ಏಳು ಜಾಗ ಗೊತ್ತುಮಾಡಿದ್ದರು. ಆಫೀಸಿನ ಮೆಟ್ಟಿಲು ಮೊದಲು, ಪೇಟೆಬೀದಿ ಎರಡನೆಯದು, ನಮ್ಮ ಬೀದಿಯ ಹೊಂಗೆಮರ ಕಟ್ಟಕಡೆಯದು. ಒಂದೊಂದು ಕಡೆ ಮೂರು ಪೆಟ್ಟು ಹೊಡೆದು ಸಾರುತ್ತಿದ್ದ. ಕಂದಾಯದ ಗಡುವು, ಕಾಲರಾ ಸೂಜಿ ಹಾಕುವ ದಿನ, ರೇಷನ್ ಅಂಗಡಿಗೆ ರಾಗಿ ಬಂದದ್ದು, ಯಾರದೋ ಎಮ್ಮೆ ದೊಡ್ಡಿ ಸೇರಿದ್ದು, ಎಲ್ಲ ಅವನ ಬಾಯಿಂದಲೇ ಊರಿಗೆ ತಿಳಿಯಬೇಕು. ಹೊಂಗೆಮರ ಕೊನೆಯದಾದ್ದರಿಂದ ಅವನ ಹೆಂಡತಿ ಮಕ್ಕಳಿಗೇ ಸುದ್ದಿ ಎಲ್ಲರಿಗಿಂತ ತಡವಾಗಿ ಸಿಗುತ್ತಿತ್ತು.

ಬೀದಿಯಲ್ಲಿ ಇನ್ನೂ ಸಾರದ ಮಾತನ್ನು ಅವನು ಮನೆಯಲ್ಲಿ ಆಡುತ್ತಿರಲಿಲ್ಲ. ಅದಕ್ಕೊಂದು ಕಾರಣವಿತ್ತು, ನಮ್ಮ ವಯಸ್ಸಿನವರಿಗೆ ಮಾತ್ರ ನೆನಪಿದೆ. ಅವನು ಕೆಲಸಕ್ಕೆ ಸೇರಿದ ಎರಡನೆಯ ವರ್ಷ ಊರಿಗೆ ಪ್ಲೇಗು ಬಂದಿತ್ತು. ನಾಳೆ ಕೆಳಗಿನ ಬೀದಿಯನ್ನು ಖಾಲಿ ಮಾಡಿಸಿ ಎಲ್ಲರನ್ನೂ ಊರಾಚೆಯ ಜೋಪಡಿಗೆ ಹಾಕುತ್ತಾರೆಂದು ಹಿಂದಿನ ಸಂಜೆ ಹೆಂಡತಿಯ ಹತ್ತಿರ ಅಂದ. ಹೊಸ ಮದುವಣಗಿತ್ತಿ ಲಕ್ಕಮ್ಮ ಕೆಳಗಿನ ಬೀದಿಯ ಗೆಳತಿಗೆ ಅಂದಳು. ಬೆಳಗಾಗುವುದರೊಳಗೆ ಆ ಮನೆಯವರು ಜ್ವರದ ಮುದುಕಿಯನ್ನು ಗಾಡಿಗೆ ಹಾಕಿಕೊಂಡು ನೆಂಟರ ಹಳ್ಳಿಗೆ ಹೋಗಿಬಿಟ್ಟರು. ಆ ಹಳ್ಳಿಯಲ್ಲಿ ಐದು ಹೆಣ ಬಿತ್ತು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಅನ್ನುತ್ತಾರಲ್ಲ, ಹಾಗಾಯಿತು. ಅವತ್ತಿನಿಂದ ಅವನು ಮನೆಯಲ್ಲಿ ಉಪ್ಪು ಹಾಕು, ಹುಳಿ ಹಾಕು ಅನ್ನುವುದಕ್ಕಿಂತ ಹೆಚ್ಚಿನ ಮಾತಾಡಿದ್ದನ್ನು ನಾನು ಕೇಳಿಲ್ಲ.

ಯುದ್ಧ ಮುಗಿದ ಮರುವರ್ಷ ಅವನಿಗೆ ಐವತ್ತೈದು ತುಂಬಿತು. ಆಷಾಢ ಮುಗಿಯುವ ಹೊತ್ತಿಗೆ ಕೆಲಸದಿಂದ ಇಳಿಯಬೇಕೆಂದು ಆಫೀಸಿನಿಂದ ಕಾಗದ ಬಂತು. ಇಳಿಯುವುದೇನೂ ದೊಡ್ಡ ಮಾತಲ್ಲ. ಆ ಜಾಗ ಯಾರಿಗೆ ಎಂಬುದು ಮಾತು. ಅಪ್ಪ ಇಳಿದ ಜಾಗಕ್ಕೆ ಮಗನನ್ನು ಹಾಕಿಕೊಳ್ಳುವುದು ಜವಾನರಲ್ಲಿ ನಡೆದುಬಂದ ಪದ್ಧತಿ. ಪಿಳ್ಳಪ್ಪನ ಮಗ ಗೋಪಾಲಪ್ಪ ಪೇಟೆಬೀದಿಯ ಆದಿನಾರಾಯಣಪ್ಪನವರ ಮನೆಯಲ್ಲಿ ಹತ್ತು ವರ್ಷದಿಂದ ಸೀರೆ ನೇಯುತ್ತಿದ್ದ. ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತು ಕೂತು ಮಂಡಿ ಹಿಡಿದುಹೋಗಿತ್ತು. ಯುದ್ಧದ ಕಾಲದಲ್ಲಿ ನೂಲು ಸಿಗದೆ ತಿಂಗಳುಗಟ್ಟಲೆ ಮಗ್ಗ ನಿಂತದ್ದೂ ಇತ್ತು. ಪುರಸಭೆಯ ಕೆಲಸವಾದರೆ ಮಳೆ ಬರಲಿ ಬಿಸಿಲು ಬರಲಿ ತಿಂಗಳಾದರೆ ಸಂಬಳ, ವರ್ಷಕ್ಕೊಂದು ಖಾಕಿ ಕೋಟು. ಅವನ ಹೆಂಡತಿ ರುಕ್ಮಿಣಮ್ಮ ಆ ಕೋಟನ್ನು ಆಗಲೇ ಗೂಟಕ್ಕೆ ನೇತುಹಾಕಿದ ಹಾಗೆ ಮಾತಾಡುತ್ತಿದ್ದಳು.

ಕಾಗದ ಬಂದ ಸಂಜೆ ಅಪ್ಪ ಮಗ ಊಟಕ್ಕೆ ಕೂತಿದ್ದರು. ಮುದ್ದೆ, ಹುರುಳಿ ಸಾರು.

"ಅಪ್ಪಾ, ಆಫೀಸ್ನಲ್ಲಿ ನನ್ ವಿಚಾರ ಎತ್ತಿದ್ಯಾ?" ಎಂದು ಗೋಪಾಲಪ್ಪ ಕೇಳಿದ.

"ಉಣ್ಣು. ಮುದ್ದೆ ಆರೋಯ್ತದೆ."

"ಹೆಡ್ ಗುಮಾಸ್ತರು ಏನಂದ್ರು ಅಂತ ಕೇಳ್ದೆ."

ಪಿಳ್ಳಪ್ಪ ಇನ್ನೊಂದು ಸೌಟು ಸಾರು ಬಡಿಸೆಂದು ಸೊಸೆಗೆ ತಟ್ಟೆ ಚಾಚಿದ. ರುಕ್ಮಿಣಮ್ಮ ಬಡಿಸಿದಳು, ಕಾಳು ಬರದ ಹಾಗೆ ಮೇಲಿನ ತಿಳಿಯನ್ನೇ ಬಡಿಸಿದಳು. ದೇವನಹಳ್ಳಿಯ ಕಡೆಯ ಹೆಣ್ಣು, ಬಾಯಲ್ಲಿ ಹೇಳಲಾಗದ್ದನ್ನು ಸೌಟಿನಲ್ಲಿ ಹೇಳುತ್ತಿದ್ದಳು.

ಮುಂದಿನ ವಾರ ಅವಳ ಕಣ್ಣಿಗೆ ಒಂದು ಸಂಗತಿ ಬಿತ್ತು. ರೇಷನ್ ಅಂಗಡಿಯ ಸಾಲಿನಲ್ಲಿ ನಿಂತಿದ್ದಾಗ ಎದುರಿನ ಕಾಫಿ ಹೋಟೆಲಿನಿಂದ ಮಾವ ಹೊರಗೆ ಬಂದ. ಜೊತೆಯಲ್ಲಿ ಅವನ ಅಳಿಯ, ದೊಡ್ಡಬೆಳವಂಗಲದ ನರಸಿಂಹಯ್ಯ. ಪಿಳ್ಳಪ್ಪನ ಮಗಳು ದ್ಯಾವಮ್ಮನನ್ನು ಅವನಿಗೆ ಕೊಟ್ಟಿತ್ತು. ಹೊಲ ಮನೆ ಇದ್ದವನು, ಮೇಲಾಗಿ ನಾಲ್ಕಕ್ಷರ ಓದಿದವನು. ಮನೆಯಲ್ಲಿ ತುಟಿ ಬಿಚ್ಚದ ಮಾವ ಅಳಿಯನ ಹೆಗಲ ಮೇಲೆ ಕೈ ಹಾಕಿಕೊಂಡು ಹುಣಸೆಮರದ ಕೆಳಗೆ ಅರ್ಧ ಗಂಟೆ ಮಾತಾಡಿದನಂತೆ. ನರಸಿಂಹಯ್ಯ ತಲೆಯಾಡಿಸಿದನಂತೆ. ಆಮೇಲೆ ಮನೆಯ ಕಡೆ ಮುಖವನ್ನೂ ತೋರಿಸದೆ ಬಸ್ಸು ಹತ್ತಿದನಂತೆ.

"ಅತ್ತೆ, ಅಳಿಯಂದಿರು ಊರಿಗೆ ಬಂದಿದ್ರು, ಮನೆಗೆ ಬಂದು ಒಂದ್ ಲೋಟ ನೀರೂ ಕುಡೀಲಿಲ್ಲ," ಎಂದು ಅವಳು ರಾಗಿ ಕೇರುತ್ತಾ ಮಾತೆತ್ತಿದಳು.

ಏನೋ ಅವಸರವಿರಬೇಕು ಎಂದಳು ಲಕ್ಕಮ್ಮ.

"ಅವಸರ ಅಲ್ಲ. ಓದ್ದೋರು. ಚೀಟಿ ಕಂಠಪಾಠ ಮಾಡ್ಬೇಕಾಗಿಲ್ಲ, ನೋಡ್ಕಂಡೇ ಓದ್ತಾರೆ. ಪುರಸಭೆಗೆ ಇನ್ನೇನ್ ಬೇಕು?"

ಲಕ್ಕಮ್ಮ ಮಗಳ ಮೇಲಿನ ಮಾತಿಗೆ ರೇಗಿದಳು. ನನ್ನ ಮಗಳ ಮನೆಯವರು ಯಾರ ಅನ್ನಕ್ಕೂ ಕೈ ಹಾಕುವವರಲ್ಲ, ನಿನ್ನ ತವರಿನಲ್ಲಿ ಅಂಥ ಬುದ್ಧಿ ಇರಬಹುದು ಎಂದಳು. ರುಕ್ಮಿಣಮ್ಮ ಮೊರವನ್ನು ನೆಲಕ್ಕೆ ಕುಕ್ಕಿದಳು. ಬೇರೆ ಒಲೆ ಹೂಡುತ್ತೇನೆ ಅಂದಳು. ಹೂಡುವುದು ಹೇಗೆ? ಮನೆಗೆಲ್ಲ ರೇಷನ್ ಕಾರ್ಡು ಒಂದೇ, ಅದೂ ಮಾವನ ಹೆಸರಿನಲ್ಲಿ. ಮರುದಿನ ಇಬ್ಬರೂ ಅದೇ ಒಲೆಯ ಮುಂದೆ ಬೆನ್ನು ಬೆನ್ನು ಹಾಕಿ ಕೂತು ಅಡಿಗೆ ಮಾಡಿದರು. ಅನುಮಾನ ಬಂದ ಮನೆಯಲ್ಲಿ ಒಗ್ಗರಣೆಯ ವಾಸನೆಯೇ ಬೇರೆ, ನನ್ನ ಅಂಗಳದವರೆಗೂ ಬರುತ್ತಿತ್ತು.

ಲಕ್ಕಮ್ಮ ಸೊಸೆಯ ಮುಂದೆ ಹಾಗೆ ಹಾರಾಡಿದರೂ ಒಳಗೊಳಗೇ ಅವಳಿಗೂ ಹುಳ ಹೊಕ್ಕಿತ್ತು. ನನ್ನ ಹತ್ತಿರ ಬಂದು, ಇವರು ನಿಜವಾಗಿ ಅಳಿಯನಿಗೆ ಮಾತು ಕೊಟ್ಟುಬಿಟ್ಟರಾ ಅಮ್ಮಯಕ್ಕ ಎಂದು ಕೇಳಿದಳು. ನಾನು ಏನಂದೆ? ಹೊಗೆ ಕಂಡಲ್ಲಿ ಬೆಂಕಿ ಇದ್ದೇ ಇರುತ್ತದೆ ಅಂದೆ. ಆ ಮಾತಿಗೆ ಇವತ್ತಿಗೂ ನನ್ನ ಬಾಯನ್ನು ಬೈದುಕೊಳ್ಳುತ್ತೇನೆ.

ಅದೇ ವಾರ ಪಾರ್ಕಿನಲ್ಲಿ ಎರಡು ಕಂಬ ನೆಟ್ಟು ಅದರ ತುದಿಗೆ ತಗಡಿನ ಕೊಳವೆ ಕಟ್ಟಿದರು. ರೇಡಿಯೋ ಹಾಕುತ್ತಾರೆ, ಸಂಜೆ ಹಾಡು ಕೇಳಬಹುದು ಎಂದು ಊರೆಲ್ಲ ಸಂತೋಷಪಟ್ಟಿತು. ಗೋಪಾಲಪ್ಪನಿಗೆ ಅದರ ಮೇಲೆ ಗಮನವಿರಲಿಲ್ಲ. ಅವನು ಹಿತ್ತಲಲ್ಲಿ ನಿಂತು ತಟ್ಟೆಗೆ ಸೌಟಿನಿಂದ ಮೂರು ಪೆಟ್ಟು ಹೊಡೆದು ಗಂಟಲು ಸಾಧನೆ ಮಾಡುತ್ತಿದ್ದ. ಗಂಟಲು ಚೆನ್ನಾಗಿತ್ತು, ಅಪ್ಪನದಕ್ಕಿಂತ ದಪ್ಪ.

ಮೂರನೆಯ ವಾರದ ಸೋಮವಾರ ರುಕ್ಮಿಣಮ್ಮ ಗಂಡನಿಗೆ ತಿದಿ ಊದಿದಳು. ಮಗ್ಗದ ಕುಣಿಯಲ್ಲಿ ಕೂತವನನ್ನು ಯಾರು ಕರೆದು ಕೆಲಸ ಕೊಡುತ್ತಾರೆ? ಆಫೀಸಿನ ಬಾಗಿಲಲ್ಲಿ ದಿನಾ ನಿಂತು ಕೈಮುಗಿದವನಿಗೆ ಸಿಗುತ್ತದೆ. ನರಸಿಂಹಯ್ಯ ಬಿಡುವಾಗಿದ್ದಾರೆ, ಬಂದು ನಿಲ್ಲುತ್ತಾರೆ, ನೀನು ಲಾಳಿ ಎಸೆಯುತ್ತಾ ಕೂತಿರು ಅಂದಳು. ಊಟದ ಹೊತ್ತಿಗೆ ಗೋಪಾಲಪ್ಪ, ನಾಳೆಯಿಂದ ಮಗ್ಗ ಬಿಡುತ್ತೇನೆ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ.

ಪಿಳ್ಳಪ್ಪನ ಕೈಯಲ್ಲಿದ್ದ ತುತ್ತು ಹಾಗೇ ನಿಂತಿತು. ಆಮೇಲೆ ಅಂದ:

"ಮಗ್ಗ ಬಿಡಬೇಡ."

"ಯಾಕೆ?"

"ಬಿಡಬೇಡ ಅಂದ್ನಲ್ಲ."

"ಯಾಕೆ ಅಂತ ಹೇಳು. ಹೇಳಿದ್ರೆ ಬಿಡಲ್ಲ."

ಪಿಳ್ಳಪ್ಪ ಎದ್ದು ಕೈ ತೊಳೆದುಕೊಂಡ. ಅರ್ಧ ಮುದ್ದೆ ತಟ್ಟೆಯಲ್ಲೇ ಇತ್ತು. ಅವನು ಊಟ ಬಿಟ್ಟು ಎದ್ದದ್ದನ್ನು ಲಕ್ಕಮ್ಮ ಮದುವೆಯಾದಾಗಿನಿಂದ ಒಂದು ಸಲವೂ ಕಂಡಿರಲಿಲ್ಲ.

"ಕೇಳಿದ್ಯಾ?" ಎಂದಳು ರುಕ್ಮಿಣಮ್ಮ ಗಂಡನಿಗೆ, ಮಾವ ಜಗಲಿಗೆ ಹೋದ ಮೇಲೆ. "ನೀನು ಕುಣೀಲೇ ಇರ್ಬೇಕು. ಅಲ್ಲಿ ಅಳಿಯಂಗೆ ದಾರಿ ಖಾಲಿ ಇರ್ಬೇಕಲ್ಲ."

ಅಷ್ಟು ಸಾಕಾಯಿತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರ ಬುದ್ಧಿಗೆ ಏನು ಹೇಳುವುದು? ಮಂಗಳವಾರ ಬೆಳಿಗ್ಗೆ ಗೋಪಾಲಪ್ಪ ಹೋಗಿ ಮಗ್ಗ ಬಿಟ್ಟೆನೆಂದು ಹೇಳಿಬಂದ. ಆದಿನಾರಾಯಣಪ್ಪನವರು ಕೆಟ್ಟವರಲ್ಲ, ಆದರೆ ಒಂದು ಹಟದ ಮನುಷ್ಯ. ಅವರು ಅಂದದ್ದನ್ನು ಗೋಪಾಲಪ್ಪನೇ ಮನೆಗೆ ಬಂದು ನಗುತ್ತಾ ಹೇಳಿದ:

"ಬರೋ ವಾರ ಬಿಟ್ಟು ಅದರಾಚೆ ಶುಕ್ರವಾರ ಮಗ್ಗಕ್ಕೆ ಹೊಸ ಹಾಸುನೂಲು ಏರಿಸಿ ಬೇರೆಯೋರ್ನ ಕೂರಿಸ್ತೀನಿ, ಅಷ್ಟರೊಳಗೆ ಮನಸ್ಸು ಬದಲಾದ್ರೆ ಬಾ ಅಂದ್ರು. ಪುರಸಭೆ ಬಾಗ್ಲು ಮುಚ್ಚಿದ್ಮೇಲೆ ಬೇರೆ ಗತಿ ಇಲ್ದೆ ಬಂದ್ರೆ ಮಾತ್ರ ಕೂರಿಸಲ್ವಂತೆ. ಆ ಬಾಗ್ಲು ಮುಚ್ಚೋದು ಯಾವ ಕಾಲಕ್ಕೆ?"

ಜಗಲಿಯ ಮೇಲೆ ಜಾಗಟೆಗೆ ಹುಣಸೆಹಣ್ಣು ತಿಕ್ಕುತ್ತಿದ್ದ ಪಿಳ್ಳಪ್ಪ ಇದನ್ನು ಕೇಳಿಸಿಕೊಂಡ. ತಿಕ್ಕುವುದನ್ನು ನಿಲ್ಲಿಸಲಿಲ್ಲ. ನಾನು ಎದುರಿಗೇ ಇದ್ದೆ. ಅಗತ್ಯಕ್ಕಿಂತ ಹೆಚ್ಚು ತಿಕ್ಕಿದ.

ಆ ಎರಡು ವಾರ ಆ ಮನೆಯಲ್ಲಿ ಒಬ್ಬರನ್ನೊಬ್ಬರು ಕಾಯುವುದೇ ಕೆಲಸ. ಗೋಪಾಲಪ್ಪ ಆಫೀಸಿನ ಬಾಗಿಲಲ್ಲಿ ನಿಂತು ಬರುವ ಹೋಗುವ ಗುಮಾಸ್ತರಿಗೆಲ್ಲ ಕೈಮುಗಿದ. ಸಭೆ ಕೂತು ತೀರ್ಮಾನವಾಗುವವರೆಗೆ ಅವರೂ ಏನೂ ಹೇಳುವ ಹಾಗಿರಲಿಲ್ಲ. ನಿಮ್ಮ ತಂದೆಯನ್ನೇ ಕೇಳಿ ಅಂದರು. ಅದು ಇನ್ನಷ್ಟು ಉರಿಗೆ ತುಪ್ಪವಾಯಿತು. ರುಕ್ಮಿಣಮ್ಮ ಮಾವನ ಕೋಟಿನ ಜೇಬು ತಡಕಿದಳು, ನಶ್ಯದ ಡಬ್ಬಿ ಸಿಕ್ಕಿತು. ನರಸಿಂಹಯ್ಯ ಮತ್ತೊಂದು ಸಲ ಬಂದದ್ದನ್ನು ಬಸ್ಸಿನ ಹತ್ತಿರ ಯಾರೋ ಕಂಡು ಬಂದು ಹೇಳಿದರು. ಮಗ್ಗದ ಕೂಲಿ ನಿಂತಿದ್ದರಿಂದ ಬೆಳಗಿನ ಕಾಫಿ ನಿಂತಿತು, ಸಾರಿಗೆ ಬೇಳೆ ಹೋಗಿ ಬರೀ ಸೊಪ್ಪು ಬಂತು. ಲಕ್ಕಮ್ಮ ಒಂದು ದಿನ ಗಂಡನ ಕಾಲಿಗೆ ಎಣ್ಣೆ ತಿಕ್ಕುತ್ತಾ, ಒಳ್ಳೆಯದೋ ಕೆಟ್ಟದ್ದೋ ಒಂದು ಹೇಳಬಾರದೇ ಎಂದು ಕೇಳಿದಳಂತೆ. ಅವನು ಅವಳ ಮುಖ ನೋಡಿ, ಕೆಳಗಿನ ಬೀದಿಯ ಗಾಡಿ ಮರೆತುಹೋಯಿತೇ ಅಂದನಂತೆ. ಅವಳು ಎಣ್ಣೆಯ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು.

ಶುಕ್ರವಾರ ಬಂತು. ಪಿಳ್ಳಪ್ಪನ ಕಡೆಯ ದಿನವೂ ಅದೇ. ಆಫೀಸಿನಿಂದ ಚೀಟಿ ಹಿಂದಿನ ಸಂಜೆಯೇ ಬಂದಿತ್ತು. ಬೆಳಿಗ್ಗೆ ಎಂಟು ಗಂಟೆಗೆ ನಾನು ಅಂಗಳಕ್ಕೆ ಸಗಣಿನೀರು ಹಾಕುತ್ತಿದ್ದೆ, ಹೊಂಗೆಮರದ ಕೆಳಗೆ ಜಾಗಟೆ ಬಡಿಯಿತು. ಮೂವತ್ತು ವರ್ಷದಲ್ಲಿ ಅವನು ಆಫೀಸಿನ ಮೆಟ್ಟಿಲಿಗೆ ಮುಂಚೆ, ಪೇಟೆಬೀದಿಗೆ ಮುಂಚೆ ನಮ್ಮ ಬೀದಿಯಲ್ಲಿ ಸಾರಿದ್ದೇ ಇಲ್ಲ.

ಕೋಟಿನ ಗುಂಡಿಯೆಲ್ಲ ಹಾಕಿಕೊಂಡು, ತನ್ನ ಮನೆಯ ಬಾಗಿಲಿಗೆ ಮುಖ ಮಾಡಿ ನಿಂತಿದ್ದ. ಮೂರು ಪೆಟ್ಟು ಆದ ಮೇಲೆ ಸಾರಿದ:

"ಕೇಳ್ರಪ್ಪಾ ಕೇಳಿ. ಪುರಸಭೆಯವರ ಹುಕುಂ ಏನಪ್ಪಾ ಅಂದ್ರೆ, ನಾಳೆಯಿಂದ ಪುರಸಭೆಯ ಸಮಾಚಾರವೆಲ್ಲ ಸಂಜೆ ಆರು ಗಂಟೆಗೆ ಪಾರ್ಕಿನ ರೇಡಿಯೋ ಕೊಳವೆಯಲ್ಲಿ ಹೇಳ್ತಾರೆ. ಜಾಗಟೆ ಹೊಡೆದು ಸಾರೋ ಕೆಲಸ ಇವತ್ತಿಗೆ ನಿಂತೋಯ್ತು. ಆ ಜಾಗಕ್ಕೆ ಇನ್ಮುಂದೆ ಯಾರನ್ನೂ ತಗೊಳ್ಳಲ್ಲ. ಕೇಳಿದೋರು ಕೇಳ್ದೇ ಇರೋರಿಗೆ ಹೇಳಿ."

ಬೀದಿಯವರು ಮುಖ ಮುಖ ನೋಡಿಕೊಂಡರು. ಬಾಗಿಲಲ್ಲಿ ಗೋಪಾಲಪ್ಪ ಹಲ್ಲುಜ್ಜುವ ಬೇವಿನಕಡ್ಡಿ ಬಾಯಲ್ಲಿಟ್ಟುಕೊಂಡೇ ನಿಂತಿದ್ದ. ಪಿಳ್ಳಪ್ಪ ಅವನ ಹತ್ತಿರ ಹೋದ.

"ಈಗ ಹೋಗು. ಆದಿನಾರಾಯಣಪ್ಪನೋರು ಪೂಜೆ ಮುಗಿಸಿ ಹಾಸು ಏರಿಸೋದು ಹತ್ತೂವರೆಗೆ. ಈ ಸುದ್ದಿ ಅವರ ಕಿವಿಗೆ ಬೀಳೋಕೆ ಮುಂಚೆ ಹೋಗ್ಬಿಡು, ಪೇಟೆಬೀದಿಗೂ ಆಫೀಸ್ ಮೆಟ್ಲಿಗೂ ನಾನು ಎಲ್ಲ ಮುಗಿಸ್ಕಂಡು ಕೊನೇಲಿ ಬರ್ತೀನಿ."

ಆಗ ಹೋಗಬೇಕಾಗಿತ್ತು. ಬೇವಿನಕಡ್ಡಿ ಎಸೆದು ಹಾಗೇ ಓಡಬೇಕಾಗಿತ್ತು. ಲಕ್ಕಮ್ಮ ಓಡೋ ಮಗನೇ ಎಂದು ಬೆನ್ನು ನೂಕಿದಳು. ಆದರೆ ರುಕ್ಮಿಣಮ್ಮ ಹೊಸ್ತಿಲಿಗೆ ಅಡ್ಡ ನಿಂತಳು. ಯಾವತ್ತೂ ಕೊನೆಗೆ ಸಾರುವ ಬೀದಿಗೆ ಇವತ್ತು ಮೊದಲು ಬಂದದ್ದೇಕೆ? ಆಫೀಸಿನ ಮುಂದೆ ಸಾರದೆ ಇಲ್ಲಿ ಸಾರಿದ್ದು ಯಾರ ಅಪ್ಪಣೆ? ಇವನನ್ನು ಕುಣಿಗೆ ಇಳಿಸಿಬಿಟ್ಟರೆ ಸಂಜೆ ಅಳಿಯ ಬಂದು ಕೋಟು ಹಾಕಿಕೊಳ್ಳುತ್ತಾನೆ ಅಂದಳು.

"ಆಫೀಸಿಗೆ ಹೋಗಿ ಕೇಳ್ಕಂಡು ಆಮೇಲೆ ಹೋಗು. ಅಷ್ಟೊತ್ತಿಗೇನು ಮಗ್ಗ ಓಡೋಗಲ್ಲ."

ಗೋಪಾಲಪ್ಪ ಅಪ್ಪನ ಮುಖ ನೋಡಿದ, ಹೆಂಡತಿಯ ಮುಖ ನೋಡಿದ. ಆಮೇಲೆ ಆಫೀಸಿನ ದಾರಿ ಹಿಡಿದ. ಪಿಳ್ಳಪ್ಪ ಜಾಗಟೆಯನ್ನು ಹೆಗಲಿಗೆ ಸರಿಮಾಡಿಕೊಂಡು ಸಂತೆಮಾಳದ ಕಡೆ ನಡೆದ.

ಆಫೀಸು ತೆರೆಯುವುದೇ ಹತ್ತೂವರೆಗೆ. ಗೋಪಾಲಪ್ಪ ಮೆಟ್ಟಿಲ ಮೇಲೆ ಕೂತ.

ಮಿಕ್ಕದ್ದನ್ನು ಪೇಟೆಬೀದಿಯವರು ನನಗೆ ಹೇಳಿದರು. ಹತ್ತಕ್ಕೆ ಮುಂಚೆಯೇ ಪಿಳ್ಳಪ್ಪ ಅಲ್ಲಿಗೆ ಬಂದನಂತೆ. ಬಂದವನು ಆದಿನಾರಾಯಣಪ್ಪನವರ ಮನೆಯ ಎದುರಿನ ಕಟ್ಟೆಯ ಮೇಲೆ ಕೂತುಬಿಟ್ಟ. ಒಳಗೆ ಕಾಯಿ ಒಡೆದ ಸದ್ದಾಯಿತು. ಜನ ಸೇರಿದರು, ಏನಪ್ಪಾ ಪಿಳ್ಳಪ್ಪ, ಹೊಡಿ ಅಂದರು. ತೋಳು ಹಿಡಿದಿದೆ, ಸ್ವಲ್ಪ ತಾಳಿ ಅಂದ. ಕೊಡತಿಯನ್ನು ಕೈಯಲ್ಲಿ ಹಿಡಿದು ಬೀದಿಯ ತುದಿಯನ್ನೇ ನೋಡುತ್ತಿದ್ದನಂತೆ. ಯಾರೋ ನೀರು ಕೊಟ್ಟರು. ಪ್ಲೇಗು ಬಂದಾಗಲೂ ಗಡಿಯಾರದ ಹಾಗೆ ಹೊಡೆದವನು, ಅವತ್ತು ಮುಕ್ಕಾಲು ಗಂಟೆ ಸುಮ್ಮನೆ ಕೂತ. ಒಳಗೆ ಹೊಸ ಹಾಸಿನ ಮಗ್ಗದಲ್ಲಿ ಹೊಸಬನೊಬ್ಬ ಕೂತು ಲಾಳಿ ಎಸೆದದ್ದು ಕೇಳಿಸಿತು. ಆಮೇಲೆ ಎದ್ದು ನಿಂತು ಮೂರು ಪೆಟ್ಟು ಹೊಡೆದ.

ಆ ಮೂರು ಪೆಟ್ಟು ಆಫೀಸಿನ ಒಳಗೆ ಹೆಡ್ ಗುಮಾಸ್ತರ ಮೇಜಿನ ಮುಂದೆ ನಿಂತಿದ್ದ ಗೋಪಾಲಪ್ಪನಿಗೂ ಕೇಳಿಸಿತು. ನಿಮ್ಮ ತಂದೆ ಸಾರಿದ್ದು ನಿಜ, ತಿಂಗಳ ಹಿಂದೆಯೇ ಅವರಿಗೆ ಹೇಳಿದ್ದೆವು, ಸಭೆಯ ತೀರ್ಮಾನವಾಗುವವರೆಗೆ ಯಾರಿಗೂ ಹೇಳಬೇಡಿ ಎಂದಿದ್ದೆವು ಎಂದು ಅವರು ಆಗತಾನೆ ಹೇಳಿ ಮುಗಿಸಿದ್ದರು. ಅಲ್ಲಿಂದ ಓಡಿದ. ಆದಿನಾರಾಯಣಪ್ಪನವರು ಬಾಗಿಲಲ್ಲೇ ಇದ್ದರು. ಕೈಮುಗಿದರೂ ಆಗುವುದಿಲ್ಲವೆಂದು ತಲೆಯಾಡಿಸಿಬಿಟ್ಟರು.

ಸಂಜೆ ಪುರಸಭೆಯವರು ಪಿಳ್ಳಪ್ಪನಿಗೊಂದು ಹಾರ ಹಾಕಿ, ಕೈಗೆ ನಿಂಬೆಹಣ್ಣು ಕೊಟ್ಟು ಕಳಿಸಿದರು. ಜಾಗಟೆ ಆಫೀಸಿನ ಸ್ವತ್ತು, ಅಲ್ಲೇ ಉಳಿಯಿತು. ಬರಿ ಹೆಗಲಲ್ಲಿ ಅವನು ಮನೆಗೆ ಬರುವ ಹೊತ್ತಿಗೆ ನರಸಿಂಹಯ್ಯ ಒಂದು ಸಿಹಿಗುಂಬಳ ಹೊತ್ತುಕೊಂಡು ಬಂದು ಜಗಲಿಯ ಮೇಲೆ ಕೂತಿದ್ದ. ನಾನು ಮೊರ ವಾಪಸು ಕೊಡುವ ನೆಪದಲ್ಲಿ ಒಳಗಿದ್ದೆ. ಯಾರೂ ಮಾತಾಡದೆ ಕೂತದ್ದನ್ನು ಕಂಡು ಅವನಿಗೆ ಗಲಿಬಿಲಿಯಾಯಿತು.

"ಎಲ್ಲಾ ಹಿಂಗ್ಯಾಕ್ ಕೂತಿದ್ದೀರಿ? ಮಾವ, ನೀವ್ ಹೇಳಿದ್ದು ಆಯ್ತು. ನಮ್ ಹೊಲದ ಪಕ್ಕದ ಎರಡೆಕರೆ ಗುತ್ತಿಗೆಗೆ ಕೊಡೋಕೆ ಒಪ್ಪಿದ್ರು. ಗೋಪಾಲಣ್ಣಂಗೆ ಬೇಕಾಗ್ಬೋದು ನೋಡು ಅಂತ ಒಂದ್ ತಿಂಗಳಿಂದ ಇವರು ನನ್ ತಲೆ ತಿಂದಾಕಿಬಿಟ್ರು. ಯಾಕೆ ಅಂದ್ರೆ ಹೇಳ್ಲಿಲ್ಲ. ಮನೇಲಿ ಗೊತ್ತಾಗ್ಬಾರ್ದು ಅಂದ್ರು, ಅದ್ಕೇ ಈ ಕಡೆ ಬರ್ಲಿಲ್ಲ."

ರುಕ್ಮಿಣಮ್ಮ ಒಲೆಯ ಕಡೆ ತಿರುಗಿ ಕೂತಳು. ಇನ್ನು ಅವಳು ದೊಡ್ಡಬೆಳವಂಗಲದಲ್ಲಿ ನಾದಿನಿಯ ಮನೆಯ ಪಕ್ಕ ಗುಡಿಸಲು ಹಾಕಿಕೊಂಡು, ಆ ಅಳಿಯನ ಎತ್ತನ್ನೇ ಕೇಳಿ ಉಳಬೇಕು. ಅದು ಅವಳಿಗೆ ತಿಳಿಯಿತು, ನಮಗೂ ತಿಳಿಯಿತು.

ತಟ್ಟೆ ಹಾಕಿದರು. ಗೋಪಾಲಪ್ಪ ಮುದ್ದೆಯನ್ನು ಪಕ್ಕಕ್ಕೆ ಸರಿಸಿದ. ಆಮೇಲೆ ಕೇಳಿದ:

"ಎಲ್ಲಾ ಗೊತ್ತಿತ್ತಲ್ಲಪ್ಪಾ ನಿಂಗೆ. ಒಂದ್ ಮಾತು ಹೇಳ್ಬಾರ್ದಾಗಿತ್ತಾ?"

"ಹೇಳಿದ್ನಲ್ಲ," ಎಂದ ಪಿಳ್ಳಪ್ಪ. "ಮಗ್ಗ ಬಿಡಬೇಡ ಅಂದೆ."

"ಅಷ್ಟೇನಾ?"

"ಅಷ್ಟೇ. ಪ್ಲೇಗು ಬಂದ ವರ್ಷದಿಂದೀಚೆಗೆ ಸಾರೋಕೆ ಮುಂಚೆ ಈ ಮನೇಲಿ ನಾನು ಆಡಿದ್ದು ಅದೊಂದೇ ಮಾತು ಕಣಪ್ಪ. ನೀವು ನಂಬಲಿಲ್ಲ."

ಲಕ್ಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಪಾರ್ಕಿನ ಕಡೆಯಿಂದ ಕೊಳವೆಯ ಗೊರಗೊರ ಸದ್ದು ಕೇಳಿಸಿತು, ನಾಳೆಗೆ ಪರೀಕ್ಷೆ ಮಾಡುತ್ತಿದ್ದರೇನೋ. ರುಕ್ಮಿಣಮ್ಮ ಎದ್ದು ಬಂದು, ಪಾತ್ರೆಯ ತಳದಿಂದ ಕಾಳು ತುಂಬಿದ ಒಂದು ಸೌಟು ಸಾರನ್ನು ಮಾವನ ತಟ್ಟೆಗೆ ಬಡಿಸಿದಳು. ಅವನು ಸಾಕು ಅಂದ.